ಬ್ರೇಕಿಲ್ಲದ ಟ್ರೈಲರು: ಹೊಣೆ ಯಾರದು?

ಕಬ್ಬು ನುರಿಸುವ ಹಂಗಾಮು ಬಂತೆಂದರೆ ಮಂಡ್ಯ, ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ರಸ್ತೆಗಳಲ್ಲಿ ಒಂದು ಮೆರವಣಿಗೆ ಹೊರಡುತ್ತದೆ. ಮುಂದೆ ಟ್ರ್ಯಾಕ್ಟರು, ಹಿಂದೆ ಟ್ರೈಲರು. ಎಷ್ಟೋ ಕಡೆ ಒಂದರ ಬಾಲಕ್ಕೆ ಇನ್ನೊಂದು ಟ್ರೈಲರು. ಕಬ್ಬು ಪಕ್ಕಕ್ಕೂ ಹಿಂದಕ್ಕೂ ಚಾಚಿಕೊಂಡು, ಇದ್ದರೆ ಇದ್ದ ಹಿಂಬದಿಯ ಕೆಂಪು ದೀಪವನ್ನೂ ಮುಚ್ಚಿಬಿಡುತ್ತದೆ. ರಾತ್ರಿ ಪಾಳಿ ಮುಗಿಸಿ ಮೋಟಾರು ಸೈಕಲ್ಲಿನಲ್ಲಿ ಮನೆಗೆ ಹೊರಟ ಕಾರ್ಮಿಕನಿಗೆ ಅದು ಕಾಣುವುದು ತೀರ ಹತ್ತಿರ ಬಂದಮೇಲೆ. ಮರುದಿನ ಪತ್ರಿಕೆಯ ಮೂಲೆಯಲ್ಲಿ ನಾಲ್ಕು ಸಾಲಿನ ಸುದ್ದಿ: ಚಾಲಕನ ಅಜಾಗರೂಕತೆಯಿಂದ ಅಪಘಾತ. ಅಲ್ಲಿಗೆ ಮುಗಿಯಿತು.

ಮುಗಿಯಿತೆ? ಆ ಟ್ರೈಲರನ್ನು ಆರಿಸಿದವರು ಯಾರು? ಅದರ ಮೇಲೆ ಅಷ್ಟು ಭಾರ ಹೇರಿಸಿದವರು ಯಾರು? ಅದಕ್ಕೆ ಬ್ರೇಕು ಹಾಕಿಸದೆ ಉಳಿಸಿದ ಹಣ ಯಾರ ಕೈ ಸೇರಿತು? ಈ ಪ್ರಶ್ನೆಗಳನ್ನು ಯಾರೂ ಕೇಳುವುದಿಲ್ಲ. ಕೇಳುವ ಕೆಲಸ ನಮ್ಮದು.

ಎಳೆಯುವುದು ಬೇರೆ, ನಿಲ್ಲಿಸುವುದು ಬೇರೆ

ಟ್ರ್ಯಾಕ್ಟರು ಮಾರುವವರು ಹಾರ್ಸ್‌ಪವರಿನ ಮಾತು ಆಡುತ್ತಾರೆ. ಇಷ್ಟು ಟನ್ನು ಎಳೆಯುತ್ತದೆ ಎಂದು ಗೋಡೆಗಳ ಮೇಲೆಲ್ಲ ಬರೆಸುತ್ತಾರೆ. ಎಷ್ಟು ಟನ್ನನ್ನು ನಿಲ್ಲಿಸಬಲ್ಲದು ಎಂದು ಬರೆಸಿದ್ದನ್ನು ನೀವು ಎಲ್ಲಾದರೂ ನೋಡಿದ್ದೀರಾ? ಎಳೆದರೆ ಬಾಡಿಗೆ ಬರುತ್ತದೆ. ನಿಲ್ಲಿಸಿದರೆ ಜೀವ ಮಾತ್ರ ಉಳಿಯುತ್ತದೆ. ಜೀವಕ್ಕೆ ಈ ವ್ಯವಹಾರದಲ್ಲಿ ದರ ಗೊತ್ತಾಗಿಲ್ಲ.

ಲೆಕ್ಕವನ್ನು ನಾವೇ ಹಾಕೋಣ. ಸಾಮಾನ್ಯವಾದ ಒಂದು ಟ್ರ್ಯಾಕ್ಟರಿನ ತೂಕ ಸುಮಾರು 2 ಟನ್ನು. ಅದರ ಬ್ರೇಕು ಹಿಡಿಯುವುದು ಸಾಮಾನ್ಯವಾಗಿ ಹಿಂದಿನ ಎರಡು ದೊಡ್ಡ ಗಾಲಿಗಳನ್ನು ಮಾತ್ರ. ಆ ಗಾಲಿಗಳ ಮೇಲೆ ನಿಂತಿರುವ ತೂಕ ಸವಾ ಟನ್ನಿನ ಆಸುಪಾಸು. ಅದರ ಹಿಂದೆ, ಟ್ರೈಲರೂ ಕಬ್ಬೂ ಸೇರಿ 12 ಟನ್ನು ಕಟ್ಟಿದ್ದೀರಿ, ಟ್ರೈಲರಿಗೆ ಬ್ರೇಕಿಲ್ಲ ಎಂದಿಟ್ಟುಕೊಳ್ಳಿ. ಸವಾ ಟನ್ನಿನ ಹಿಡಿತ 14 ಟನ್ನನ್ನು ತಡೆಯಬೇಕು. ಗಂಟೆಗೆ 25 ಕಿಲೋಮೀಟರಿನ ನಿಧಾನದಲ್ಲಿ ಹೋಗುತ್ತಿದ್ದರೂ, ಒಣಗಿದ ಸಮತಟ್ಟಾದ ಡಾಂಬರು ರಸ್ತೆಯ ಮೇಲೂ, ಬ್ರೇಕು ತುಳಿದ ಮೇಲೆ 40ರಿಂದ 50 ಮೀಟರು ಹೋಗಿ ನಿಲ್ಲುತ್ತದೆ. ಎಲ್ಲ ಗಾಲಿಗಳಿಗೂ ಒಳ್ಳೆಯ ಬ್ರೇಕಿದ್ದರೆ ಅದೇ ಭಾರ ಹತ್ತು ಮೀಟರಿನೊಳಗೆ ನಿಲ್ಲಬಲ್ಲದು. ಈ ವ್ಯತ್ಯಾಸದ ನಡುವೆ ಒಂದು ಶಾಲೆಯ ಮಕ್ಕಳ ಸಾಲು ರಸ್ತೆ ದಾಟಬಹುದು.

ಇದು ಸಮತಟ್ಟಾದ ರಸ್ತೆಯ ಮಾತು. ಇಪ್ಪತ್ತು ಅಡಿಗೆ ಒಂದು ಅಡಿ ಇಳಿಯುವ ಇಳಿಜಾರಿನಲ್ಲಿ ಆ 14 ಟನ್ನು ಮುಂದಕ್ಕೆ ಜಗ್ಗುವ ಬಲ, ಟ್ರ್ಯಾಕ್ಟರಿನ ಬ್ರೇಕಿನ ಬಲಕ್ಕೆ ಹೆಚ್ಚುಕಡಮೆ ಸರಿಸಮ. ಅಂದರೆ ಬ್ರೇಕು ಇದ್ದೂ ಇಲ್ಲದಂತೆ. ಮಳೆ ಬಿದ್ದಿದ್ದರೆ, ರಸ್ತೆಯ ಮೇಲೆ ಕೆಸರಿದ್ದರೆ ಅದೂ ಇಲ್ಲ. ಟ್ರೈಲರು ಹಿಂದಿನಿಂದ ತಳ್ಳುತ್ತದೆ, ಟ್ರ್ಯಾಕ್ಟರು ಚಾಕುವಿನಂತೆ ಮಡಚಿಕೊಂಡು ಅಡ್ಡ ತಿರುಗುತ್ತದೆ, ಮೇಲಿದ್ದವನು ಕೆಳಗಾಗುತ್ತಾನೆ. ವೇಗ ಎರಡರಷ್ಟಾದರೆ ನಿಲ್ಲಲು ಬೇಕಾದ ದೂರ ನಾಲ್ಕರಷ್ಟಾಗುತ್ತದೆ ಎಂಬುದನ್ನೂ ಇದಕ್ಕೆ ಸೇರಿಸಿಕೊಳ್ಳಿ. ಒಂದು ಟನ್ನಿನ ಆಸುಪಾಸು ತೂಗುವ ಪುಟ್ಟ ಟ್ರ್ಯಾಕ್ಟರಿಗೆ ದೊಡ್ಡ ಟ್ರ್ಯಾಕ್ಟರಿನ ಟ್ರೈಲರನ್ನೇ ಕಟ್ಟಿ ಕಳುಹಿಸಿದರೆ ಏನಾಗುವುದೆಂದು ಬೇರೆ ಹೇಳಬೇಕಾಗಿಲ್ಲ.

ನಮ್ಮ ಹಿರಿಯರ ಎತ್ತಿನ ಗಾಡಿಯಲ್ಲಿ ಕೂಡ ಇಳಿಜಾರಿನಲ್ಲಿ ಚಕ್ರಕ್ಕೆ ಒತ್ತಿ ಹಿಡಿಯುವ ಮರದ ಕಟ್ಟಿಗೆ ಇರುತ್ತಿತ್ತು. ಎರಡು ಎತ್ತಿನ ಕತ್ತಿನ ಮೇಲೆ ಗಾಡಿ ಏರಬಾರದೆಂಬ ಕರುಣೆ ಅವರಿಗಿತ್ತು. ಎತ್ತಿಗೆ ತೋರಿಸಿದ ಕರುಣೆಯನ್ನು ಟ್ರ್ಯಾಕ್ಟರು ಹೊಡೆಯುವ ಮನುಷ್ಯನಿಗೆ ತೋರಿಸಲಾರದಷ್ಟು ನಾವು ಮುಂದುವರಿದಿದ್ದೇವೆ!

ಆರಿಸುವವನು ನೋಡಬೇಕಾದದ್ದು

ಒಳ್ಳೆಯ ಟ್ರೈಲರು ಆರಿಸುವುದು ಗುಟ್ಟಿನ ವಿದ್ಯೆಯಲ್ಲ. ಕೊಳ್ಳುವವನಾಗಲಿ, ಬಾಡಿಗೆಗೆ ತರುವವನಾಗಲಿ ಮೊದಲು ನೋಡಬೇಕಾದದ್ದು ಭಾರದ ಲೆಕ್ಕ. ಟ್ರೈಲರಿನ ಸ್ವಂತ ತೂಕ, ಅದರ ಮೇಲಿನ ಸರಕು, ಎರಡೂ ಸೇರಿ ಟ್ರ್ಯಾಕ್ಟರು ತಯಾರಿಸಿದವರು ಗೊತ್ತುಮಾಡಿದ ಮಿತಿಯೊಳಗಿರಬೇಕು. ಎರಡನೆಯದು ಬ್ರೇಕು. ಚಾಲಕ ಪೆಡಲು ತುಳಿದಾಗ ಎಣ್ಣೆಯ ಒತ್ತಡದಿಂದಲೋ ಗಾಳಿಯ ಒತ್ತಡದಿಂದಲೋ ಹಿಡಿಯುವ ಬ್ರೇಕುಗಳಿವೆ. ಟ್ರೈಲರು ಮುಂದಕ್ಕೆ ತಳ್ಳಿದೊಡನೆ ಆ ತಳ್ಳುವಿಕೆಯಿಂದಲೇ ತಾನಾಗಿ ಹಿಡಿಯುವ ಬ್ರೇಕುಗಳೂ ಇವೆ. ಯಾವುದಾದರೂ ಇರಲಿ; ಇರಲೇಬೇಕು. ಹೊಲದಲ್ಲಿ ತಿರುಗುವ ಅನುಕೂಲಕ್ಕೆ ಟ್ರ್ಯಾಕ್ಟರಿನ ಎಡ ಬಲ ಗಾಲಿಗಳಿಗೆ ಬೇರೆ ಬೇರೆ ಬ್ರೇಕು ಪೆಡಲುಗಳಿರುತ್ತವೆ. ರಸ್ತೆಗೆ ಬರುವ ಮುನ್ನ ಅವೆರಡನ್ನೂ ಜೋಡಿಸಿ ಕೊಂಡಿ ಹಾಕಬೇಕು. ಹಾಕದಿದ್ದರೆ ತುಳಿದ ಕಡೆಗೇ ಟ್ರ್ಯಾಕ್ಟರು ಎಗರುತ್ತದೆ.

ಮೂರನೆಯದು ಭಾರ ಹೂಡುವ ಬಗೆ. ಗಾಡಿ ಹೊಡೆದವರಿಗೆ ಮುಂಬಾರ, ಹಿಂಬಾರ ಎಂದರೆ ವಿವರಿಸಬೇಕಾಗಿಲ್ಲ. ಎರಡು ಗಾಲಿಯ ಟ್ರೈಲರಿಗೂ ಅದೇ ನ್ಯಾಯ. ಹಿಂಬಾರವಾದರೆ ಮೂಕಿ ಮೇಲೆದ್ದು ಟ್ರ್ಯಾಕ್ಟರಿನ ಹಿಂಗಾಲಿಗಳ ಹಿಡಿತ ಸಡಿಲವಾಗುತ್ತದೆ, ಟ್ರೈಲರು ಬಾಲ ಬೀಸುತ್ತದೆ. ಮುಂಬಾರ ಅತಿಯಾದರೆ ಏರಿನಲ್ಲಿ ಟ್ರ್ಯಾಕ್ಟರಿನ ಮುಂದಿನ ಗಾಲಿಗಳು ಎದ್ದು, ಸ್ಟೇರಿಂಗು ತಿರುಗಿಸಿದರೂ ತಿರುಗದ ಹಾಗಾಗುತ್ತದೆ. ಇನ್ನು ಕೊಂಡಿಯ ಪಿನ್ನು: ಅದಕ್ಕೆ ಜಾರದಂತೆ ತಡೆಯುವ ಕೀಲು ಬೇಕು, ಪಿನ್ನು ಮುರಿದರೆ ಹಿಡಿದುಕೊಳ್ಳುವ ಸರಪಳಿ ಬೇಕು. ಲಾರಿಗೆ ಬೇಡವೆಂದು ಕಳಚಿ ಬಿಸುಟ ಸವೆದ ಟೈರು ಟ್ರೈಲರಿಗೆ ಸಾಕು ಎನ್ನುವ ಬುದ್ಧಿಯನ್ನು ಬಿಡಬೇಕು. ಹಿಂದೆ ಕೆಂಪು ದೀಪ, ಬೆಳಕು ಬಿದ್ದರೆ ಹೊಳೆಯುವ ಪಟ್ಟಿ, ಇವು ಸರಕಿನಿಂದ ಮುಚ್ಚಿಹೋಗದ ಕಡೆ ಇರಬೇಕು.

ಈಗ ಪುಟ್ಟ ಟ್ರ್ಯಾಕ್ಟರುಗಳನ್ನೇ ಟ್ರೈಲರಿನ ಮೇಲೋ ಸರಕಿನ ವ್ಯಾನಿನ ಮೇಲೋ ಹೇರಿಕೊಂಡು ಊರಿಂದೂರಿಗೆ ಬಾಡಿಗೆಗೆ ಒಯ್ಯುವವರಿದ್ದಾರೆ. ಅಲ್ಲಿಯೂ ಟ್ರ್ಯಾಕ್ಟರಿನ ತೂಕದ ಜೊತೆಗೆ ರೋಟವೇಟರು, ಡೀಸೆಲು, ಗಾಲಿಗೆ ತುಂಬಿದ ನೀರು ಇವೆಲ್ಲದರ ತೂಕವನ್ನೂ ಹಿಡಿಯಬೇಕು. ಹಲಗೆ ಚಿಕ್ಕದಾಗಿ ಕಡಿದಾಗಿದ್ದರೆ ಹತ್ತುವಾಗಲೇ ಟ್ರ್ಯಾಕ್ಟರು ಹಿಂದಕ್ಕೆ ಮಗುಚುತ್ತದೆ. ಹತ್ತಿಸಿದ ಮೇಲೆ ಗೇರಿಗೆ ಹಾಕಿ, ಕೈ ಬ್ರೇಕು ಎಳೆದು, ಉಪಕರಣವನ್ನು ಕೆಳಗಿಳಿಸಿ, ನಾಲ್ಕು ಮೂಲೆಗೂ ಸರಪಳಿ ಬಿಗಿದು, ನಾಲ್ಕಾರು ಮೈಲಿ ಹೋದಮೇಲೆ ನಿಲ್ಲಿಸಿ ಮತ್ತೊಮ್ಮೆ ಬಿಗಿಯಬೇಕು. ಹುಲ್ಲಿನ ಹೊರೆ ಕಟ್ಟಿದ ಹಗ್ಗ ಇದಕ್ಕೆ ಸಾಲದು.

ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಇದೆಲ್ಲ ಗೊತ್ತಿದ್ದೂ ಏಕೆ ನಡೆಯುವುದಿಲ್ಲ? ಗೊತ್ತಿರುವವನ ಕೈಯಲ್ಲಿ ಆಯ್ಕೆಯಿಲ್ಲ, ಆಯ್ಕೆಯಿರುವವನಿಗೆ ಗೊತ್ತುಮಾಡಿಕೊಳ್ಳುವ ಅಗತ್ಯವಿಲ್ಲ. ಟ್ರ್ಯಾಕ್ಟರಿನ ಒಡೆಯ ಸಾಲದಲ್ಲಿದ್ದಾನೆ. ಕಂತು ಕಟ್ಟಲು ಟನ್ನಿನ ಲೆಕ್ಕದಲ್ಲಿ ದುಡಿಯಬೇಕು. ಚಾಲಕ ಕಾರ್ಖಾನೆಯ ಅಂಗಳದಲ್ಲಿ ಸಾಲಿನಲ್ಲಿ ನಿಂತು ನಿದ್ದೆಗೆಟ್ಟು, ತೂಕವಾದೊಡನೆ ಮತ್ತೆ ಹೊಲಕ್ಕೆ ಓಡಬೇಕು. ಟನ್ನು ಹೆಚ್ಚಿದಷ್ಟೂ ಕೂಲಿ. ಬ್ರೇಕಿಗೆ ಕೂಲಿಯಿಲ್ಲ.

ಕಾರ್ಖಾನೆಯವರು ಏನನ್ನುತ್ತಾರೆ? ಟ್ರೈಲರು ನಮ್ಮದಲ್ಲ, ಗುತ್ತಿಗೆದಾರನದು. ಗುತ್ತಿಗೆದಾರ ಏನನ್ನುತ್ತಾನೆ? ನನ್ನದಲ್ಲ, ಟ್ರ್ಯಾಕ್ಟರಿನವನದು. ಕಬ್ಬಿನ ನ್ಯಾಯ ಮತ್ತು ಲಾಭದಾಯಕ ದರವನ್ನು ನೋಡಿ. 2025-26ರ ಹಂಗಾಮಿಗೆ ಕೇಂದ್ರ ಸರಕಾರ ನೂರಕ್ಕೆ 10.25ರ ಇಳುವರಿಗೆ ಕ್ವಿಂಟಾಲಿಗೆ 355 ರೂಪಾಯಿ ಗೊತ್ತುಮಾಡಿತು. ಆದರೆ ಅದು ಕಾರ್ಖಾನೆಯ ಬಾಗಿಲಲ್ಲಿನ ದರ. ಕಾರ್ಖಾನೆಯೇ ಕಬ್ಬನ್ನು ಕಡಿಸಿ ಸಾಗಿಸಿಕೊಂಡರೆ ಆ ಖರ್ಚು ರೈತನ ಬಿಲ್ಲಿನಲ್ಲಿ ಕಡಿತವಾಗುತ್ತದೆ. ಅಂದರೆ ಸಾಗಣೆಯ ಹಣ ರೈತನದು, ಸಾಗಣೆಯ ಅಪಾಯ ಚಾಲಕನದು, ಸಕ್ಕರೆ ಮಾತ್ರ ಕಾರ್ಖಾನೆಯದು! ಇದೇ ಇವರ ಲೆಕ್ಕ.

ಸರಕಾರ ಕಾನೂನು ಮಾಡಿಲ್ಲವೆ? ಮಾಡಿದೆ. 1988ರ ಮೋಟಾರು ವಾಹನ ಕಾಯಿದೆಯ ಅರ್ಥದಲ್ಲಿ ಟ್ರೈಲರು ಕೂಡ ಮೋಟಾರು ವಾಹನವೇ. 2019ರ ತಿದ್ದುಪಡಿಯ ಪ್ರಕಾರ ಮಿತಿಮೀರಿ ಭಾರ ಹೇರಿದರೆ 20,000 ರೂಪಾಯಿ, ಮೇಲಿನ ಪ್ರತಿ ಟನ್ನಿಗೆ ಇನ್ನೂ 2,000 ರೂಪಾಯಿ ದಂಡ. ಆ ಕಲಮು ವಾಹನ ನಡೆಸಿದವನನ್ನು ಮಾತ್ರ ಹಿಡಿಯುವುದಿಲ್ಲ. ನಡೆಸಲು ಕಾರಣನಾದವನನ್ನೂ ನಡೆಸಗೊಟ್ಟವನನ್ನೂ ಹಿಡಿಯುತ್ತದೆ. ಹಾಗಾದರೆ ಪ್ರತಿದಿನ ತನ್ನ ತೂಕದ ಸೇತುವೆಯ ಮೇಲೆ ಟ್ರೈಲರಿನ ಭಾರವನ್ನು ಕಣ್ಣಾರೆ ನೋಡಿ, ಚೀಟಿ ಬರೆದು, ರುಜು ಹಾಕಿ, ಕಬ್ಬನ್ನು ಒಳಗೆ ಬಿಟ್ಟುಕೊಳ್ಳುವ ಆಡಳಿತವರ್ಗ ಯಾವ ಗುಂಪಿಗೆ ಸೇರಿತು? ಭಾರ ಎಷ್ಟೆಂದು ಗೊತ್ತಿರಲಿಲ್ಲ ಎಂದು ಅವರು ಹೇಳಲಾರರು. ಅವರ ಚೀಟಿಯೇ ಸಾಕ್ಷಿ. ರಸ್ತೆಯಲ್ಲಿ ಚಾಲಕನನ್ನು ನಿಲ್ಲಿಸಿ ದಂಡ ಬರೆಯುವ ಅಧಿಕಾರಿಗೆ ಕಾರ್ಖಾನೆಯ ಬಾಗಿಲಿನ ದಾರಿ ಮಾತ್ರ ಗೊತ್ತಿಲ್ಲವೆ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಎಂದರೆ ಇದೇ.

ಸರಕಿನ ಜೊತೆ ಮನುಷ್ಯರು

ಇನ್ನೊಂದು ಅನ್ಯಾಯವಿದೆ. ಕಬ್ಬು ಕಡಿಯುವ ಗ್ಯಾಂಗಿನವರು ಹೆಂಡತಿ ಮಕ್ಕಳು, ಪಾತ್ರೆ ಪಡಗ, ಹಾಸಿಗೆ ಸಮೇತ ಇದೇ ಟ್ರೈಲರುಗಳಲ್ಲಿ ಬರುತ್ತಾರೆ, ಹೋಗುತ್ತಾರೆ. ಜಾತ್ರೆಗೆ, ಮದುವೆಗೆ, ರಾಜಕೀಯ ಸಭೆಗೆ ಜನರನ್ನು ತುಂಬುವುದೂ ಇದರಲ್ಲೇ. 2022ರ ಅಕ್ಟೋಬರ್ 1ರಂದು ಉತ್ತರ ಪ್ರದೇಶದ ಕಾನ್ಪುರ ಜಿಲ್ಲೆಯಲ್ಲಿ ದೇವಸ್ಥಾನದಿಂದ ಮರಳುತ್ತಿದ್ದವರ ಟ್ರೈಲರು ಹೊಂಡಕ್ಕೆ ಮಗುಚಿ 20ಕ್ಕೂ ಹೆಚ್ಚು ಜನ ಸತ್ತರು. ಬಹುಮಂದಿ ಹೆಂಗಸರು, ಮಕ್ಕಳು. 2024ರ ಫೆಬ್ರವರಿ 24ರಂದು ಅದೇ ರಾಜ್ಯದ ಕಾಸ್‌ಗಂಜ್ ಜಿಲ್ಲೆಯಲ್ಲಿ ಗಂಗಾಸ್ನಾನಕ್ಕೆ ಹೊರಟವರ ಟ್ರೈಲರು ಕೆರೆಗೆ ಬಿದ್ದು ಮತ್ತೆ 20ಕ್ಕೂ ಹೆಚ್ಚು ಸಾವು. ಒಂದೂವರೆ ವರ್ಷದೊಳಗೆ ಎರಡು ಸಲ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವುದನ್ನಾದರೂ ಸರಿಯಾಗಿ ಹಾಕಲಿಲ್ಲ.

ಇದು ದೂರದ ರಾಜ್ಯದ ಕಥೆ ಎಂದು ನಮ್ಮ ವ್ಯಾಪಾರಿ ಮಿತ್ರರು ಸುಮ್ಮನಿರಬೇಕಾಗಿಲ್ಲ. 2025ರ ಜನವರಿ 22ರ ಮುಂಜಾನೆ ಸವಣೂರಿನಿಂದ ಕುಮಟೆಯ ಸಂತೆಗೆ ಹೊರಟ ತರಕಾರಿ, ಹಣ್ಣಿನ ವ್ಯಾಪಾರಿಗಳ ಲಾರಿ ಯಲ್ಲಾಪುರದ ಬಳಿ ಘಟ್ಟದಲ್ಲಿ ಉರುಳಿತು. ಕನಿಷ್ಠ 10 ಮಂದಿ ಸತ್ತರು. ಅದು ಟ್ರೈಲರಲ್ಲ, ಲಾರಿ. ಆದರೆ ಸರಕಿನ ಮೇಲೆ ಕೂತು ಹೋಗುವ ಬಡತನ ಒಂದೇ. ಹೀಗೆ ಸತ್ತವರ ಮನೆಯವರು ಪರಿಹಾರಕ್ಕೆ ಹೋದರೆ, ಸರಕಿನ ವಾಹನದಲ್ಲಿ ಪ್ರಯಾಣಿಕರಿಗೆ ರಕ್ಷಣೆಯಿಲ್ಲವೆಂದು ವಿಮಾ ಕಂಪನಿಯವರು ವಾದ ಹೂಡುತ್ತಾರೆ. ಅಂಗಡಿಯ ಸಿಮೆಂಟು, ಜೋಳ, ಇಟ್ಟಿಗೆ ತರಿಸುವಾಗ ಎರಡು ಸಲದ ಬಾಡಿಗೆ ಉಳಿಸಲು ಒಂದೇ ಸಲಕ್ಕೆ ಹೇರಿ ಎನ್ನುವ ವ್ಯಾಪಾರಿಯೂ ಯೋಚಿಸಬೇಕು. ಕಾರ್ಖಾನೆಯ ಬಂಡವಾಳಗಾರ ದೊಡ್ಡದಾಗಿ ಮಾಡುವುದನ್ನು ನಾವು ಚಿಕ್ಕದಾಗಿ ಮಾಡಿದರೆ ಅವನನ್ನು ಬೆರಳು ಮಾಡಿ ತೋರಿಸುವ ಬಾಯಿ ನಮಗೆ ಉಳಿಯುವುದಿಲ್ಲ.

ನಮ್ಮ ಒತ್ತಾಯ

ಬಿಗಿ ಮಾಡಿದರೆ ರೈತನಿಗೆ ತೊಂದರೆ, ಕಬ್ಬು ಒಣಗುತ್ತದೆ ಎಂದು ಆಡಳಿತವರ್ಗ ಕೂಗೆಬ್ಬಿಸುವುದು ಖಂಡಿತ. ರೈತನ ಬಾಕಿ ಹಣವನ್ನು 14 ದಿನದೊಳಗೆ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆಜ್ಞೆಯಲ್ಲಿದೆ. ಆಗ ನೆನಪಾಗದ ರೈತನ ತೊಂದರೆ ಬ್ರೇಕಿನ ಮಾತು ಬಂದಾಗ ಮಾತ್ರ ಏಕೆ ನೆನಪಾಗಬೇಕು? ನಾವು ಕೇಳುವುದು ಇಷ್ಟೆ:

1. ಬ್ರೇಕು, ಹಿಂದೀಪ, ಹೊಳೆಯುವ ಪಟ್ಟಿ, ಕೊಂಡಿಯ ಸರಪಳಿ ಇಲ್ಲದ ಟ್ರೈಲರಿಗೆ ಹಂಗಾಮಿನ ಮೊದಲ ದಿನದಿಂದಲೇ ಕಾರ್ಖಾನೆ ಕೆಲಸ ಕೊಡಕೂಡದು.

2. ಅವುಗಳನ್ನು ಹಾಕಿಸುವ ಖರ್ಚು ಕಾರ್ಖಾನೆಯದು. ಅದನ್ನು ರೈತನ ಬಿಲ್ಲಿನಿಂದಲೂ ಚಾಲಕನ ಕೂಲಿಯಿಂದಲೂ ಮುರಿದುಕೊಳ್ಳಕೂಡದು.

3. ಟ್ರೈಲರು ಹೊರಬಹುದಾದ ಭಾರವನ್ನು ಅದರ ಪಕ್ಕದಲ್ಲಿ ದೊಡ್ಡ ಅಕ್ಷರದಲ್ಲಿ ಬರೆಸಬೇಕು. ಮಿತಿಮೀರಿದ ತೂಕದ ಚೀಟಿ ಸಿಕ್ಕಿದಲ್ಲಿ ದಂಡ ಕಾರ್ಖಾನೆಯ ಮೇಲೂ ಬೀಳಬೇಕು.

4. ಕಡಿಯುವ ಗ್ಯಾಂಗಿನವರನ್ನು ಕರೆತರಲು, ಕಳುಹಿಸಲು ಬಸ್ಸು ಗೊತ್ತುಮಾಡಬೇಕು.

ತೂಕದ ಸೇತುವೆಯ ಬಳಿ ನಿಲ್ಲುವವನು ಕಾರ್ಮಿಕ. ಅಂಗಳದಲ್ಲಿ ಟ್ರೈಲರು ಬರಮಾಡಿಕೊಳ್ಳುವವನು ಕಾರ್ಮಿಕ. ಕಬ್ಬು ಇಳಿಸುವವನು ಕಾರ್ಮಿಕ. ಬ್ರೇಕಿಲ್ಲದ ಟ್ರೈಲರು ಎಷ್ಟು ಒಳಗೆ ಬಂದವೆಂದು ಆಡಳಿತವರ್ಗದ ಪುಸ್ತಕದಲ್ಲಿ ಇಲ್ಲದಿರಬಹುದು; ನಮ್ಮವರ ಕಣ್ಣಿಗೆ ಅದು ತಪ್ಪಿಲ್ಲ. ಆ ಲೆಕ್ಕವನ್ನು ಪ್ರತಿ ಪಾಳಿಯಲ್ಲೂ ಬರೆದಿಡಿ. ಸಂಘದ ಸಭೆಯಲ್ಲಿ ಓದಿ. ಜಿಲ್ಲಾಧಿಕಾರಿಯ ಮೇಜಿನ ಮೇಲೆ ಇಡಿ. ವ್ಯಾಪಾರಿ ಮಿತ್ರರು ಬ್ರೇಕಿಲ್ಲದ ಟ್ರೈಲರನ್ನು ಬಾಡಿಗೆಗೆ ಕರೆಯುವುದಿಲ್ಲವೆಂದು ತಮ್ಮ ಸಂಘದಲ್ಲಿ ಠರಾವು ಮಾಡಲಿ. ಮುಂದಿನ ಹಂಗಾಮಿನ ಮೊದಲ ಟ್ರೈಲರು ಗೇಟಿಗೆ ಬರುವ ಮೊದಲು ಈ ಕೆಲಸ ಆಗಬೇಕು.