ಅಂಟು ಮತ್ತು ನಂಟು

ಕಳೆದ ತಿಂಗಳು ಹೊಳಲ್ಕೆರೆಯಲ್ಲಿ ಮಿತ್ರರೊಬ್ಬರ ಮನೆಗೆ ಹೋಗಿದ್ದೆ. ನೆರೆಮನೆಯ ಜಗಲಿಯ ಮೇಲೆ ಐದು ವರ್ಷದ ಬಾಲಕನೊಬ್ಬ ಒಬ್ಬನೇ ಕುಳಿತು ಗೋಲಿಗಳನ್ನು ಎಣಿಸುತ್ತಿದ್ದ. ತಲೆಯಲ್ಲಿ ಕೂದಲಿರಲಿಲ್ಲ. ರಕ್ತದ ಕ್ಯಾನ್ಸರಾದ ಲ್ಯೂಕೇಮಿಯಕ್ಕೆ ಬೆಂಗಳೂರಿನಲ್ಲಿ ಚಿಕಿತ್ಸೆ ಪಡೆಯುತ್ತಿರುವ ಹುಡುಗ. ಬೀದಿಯ ಮಕ್ಕಳಾರೂ ಅತ್ತ ಸುಳಿಯುತ್ತಿರಲಿಲ್ಲ.

"ಈ ರೋಗ ವೈರಸ್ಸಿನಿಂದ ಬರುತ್ತದಂತಲ್ಲ ಮೇಷ್ಟ್ರೇ, ನಮ್ಮ ಮಗಳಿಗೂ ಅಂಟಿದರೆ?" ಎಂದರು ಮಿತ್ರರ ಪತ್ನಿ.

ನಾನು ಕನ್ನಡದ ಅಧ್ಯಾಪಕ, ವೈದ್ಯನಲ್ಲ. ಆದರೂ ಆ ಪ್ರಶ್ನೆ ನನ್ನನ್ನು ಓದಿಗೆ ಹಚ್ಚಿತು.

ಅವರ ಅಂಜಿಕೆಗೆ ಬುಡವಿಲ್ಲದಿಲ್ಲ. ಬೆಕ್ಕುಗಳ ಲ್ಯೂಕೇಮಿಯಕ್ಕೆ ವೈರಸ್ ಕಾರಣವೆಂದು ಗ್ಲಾಸ್ಗೊ ನಗರದ ವಿಲಿಯಂ ಜ್ಯಾರೆಟ್ 1964ರಲ್ಲಿ ತೋರಿಸಿದರು. 1980ರಲ್ಲಿ ಅಮೆರಿಕದ ರಾಬರ್ಟ್ ಗ್ಯಾಲೊ ಅವರ ತಂಡವು ಮನುಷ್ಯರಲ್ಲಿಯೂ ಅಂತಹದೊಂದನ್ನು ಗುರುತಿಸಿತು. ಆದರೆ ಅದು ತರುವುದು ವಯಸ್ಕರ ರೋಗ. ಅದೂ ಸೋಂಕು ತಗುಲಿ ದಶಕಗಳು ಕಳೆದ ಮೇಲೆ, ಕೆಲವರಿಗೆ ಮಾತ್ರ. ಮಕ್ಕಳ ಲ್ಯೂಕೇಮಿಯಕ್ಕೆ ಕಾರಣವೆನ್ನಬಹುದಾದ ವೈರಸ್ ಯಾವುದೂ ಇಂದಿನವರೆಗೆ ಸಿಕ್ಕಿಲ್ಲ. ಅದು ಮಗುವಿನಿಂದ ಮಗುವಿಗೆ ಅಂಟುವುದಿಲ್ಲ.

ಇಂಗ್ಲೆಂಡಿನ ಮೆಲ್ ಗ್ರೀವ್ಸ್ 1988ರಿಂದ ಮಂಡಿಸುತ್ತ ಬಂದ ವಾದವೊಂದುಂಟು. ಬಹುಮಟ್ಟಿಗೆ ಗರ್ಭದಲ್ಲಿಯೇ ರಕ್ತಕಣದ ವಂಶವಾಹಿಯಲ್ಲಿ ಮೊದಲ ವ್ಯತ್ಯಾಸವಾಗುತ್ತದೆ. ಹಾಗೆ ಹುಟ್ಟಿದ ಬಹುಪಾಲು ಮಕ್ಕಳು ಆರೋಗ್ಯವಾಗಿಯೇ ಇರುತ್ತಾರೆ. ಶೈಶವದಲ್ಲಿ ಸಣ್ಣಪುಟ್ಟ ಸೋಂಕುಗಳ ಪರಿಚಯವಿಲ್ಲದ ಮಗುವಿಗೆ ಮುಂದೊಮ್ಮೆ ಸಾಮಾನ್ಯ ಸೋಂಕು ತಗುಲಿದಾಗ, ದೇಹದ ರಕ್ಷಣಾಶಕ್ತಿ ಎಲ್ಲೆ ಮೀರಿ ಕೆರಳಿ ಎರಡನೆಯ ವ್ಯತ್ಯಾಸಕ್ಕೆ ಎಡೆಗೊಡಬಹುದು. ಇದಿನ್ನೂ ವಾದದ ಹಂತದಲ್ಲಿದೆ. ಯಾವ ತಾಯಿಯೂ ಇದರಿಂದ ತನ್ನನ್ನು ಹಳಿದುಕೊಳ್ಳಬೇಕಾಗಿಲ್ಲ. ಆದರೆ ಮಕ್ಕಳ ಒಡನಾಟವನ್ನು ಈ ವಾದವು ಶತ್ರುವೆನ್ನದೆ ಮಿತ್ರನೆಂದೇ ಬಗೆಯುತ್ತದೆ ಎಂಬುದನ್ನು ವಾಚಕರು ಗಮನಿಸಬೇಕು.

ನಿಜವಾದ ಅಪಾಯವಿರುವುದು ಆ ಹುಡುಗನಿಗೆ. ಔಷಧಗಳಿಂದ ಅವನ ರಕ್ಷಣಾಶಕ್ತಿ ಕುಗ್ಗಿರುತ್ತದೆ. ನಮ್ಮ ಮಕ್ಕಳ ದಡಾರ, ಸೀತಾಳೆ ಸಿಡುಬು ಅವನಿಗೆ ಪ್ರಾಣಾಂತಿಕವಾಗಬಹುದು. ಚಿಕಿತ್ಸೆ ಸಾಮಾನ್ಯವಾಗಿ ಎರಡು-ಮೂರು ವರ್ಷಗಳದು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗಗಳಿಂದ ಮಗುವನ್ನೆತ್ತಿಕೊಂಡು ಬೆಂಗಳೂರಿಗೆ ಅಲೆಯುವ ತಂದೆತಾಯಿಗಳಿಗೆ ಬೀದಿಯವರ ಬಹಿಷ್ಕಾರವೂ ಸೇರಬೇಕೆ?

ಇಷ್ಟನ್ನೂ ಬರೆದು ಮಿತ್ರರಿಗೆ ಕಳುಹಿಸಿದೆ. ಮೊನ್ನೆ ಉತ್ತರ ಬಂದಿದೆ. ಮಗಳ ನೆಗಡಿ ಪೂರ್ತಿ ವಾಸಿಯಾಗುವವರೆಗೆ ಕಾದು, ಹುಡುಗನ ತಾಯಿಯನ್ನು ಕೇಳಿ, ಕೈತೊಳೆಸಿ ಜಗಲಿಗೆ ಕಳುಹಿಸಿದರಂತೆ. ಅವಳ ಗೋಲಿಗಳನ್ನೆಲ್ಲ ಹುಡುಗ ಗೆದ್ದುಕೊಂಡನಂತೆ.