ಬೋರ್ಡಿಗೆ ಶೇಕಡಾ 60, ನಾಲಿಗೆಗೆ ಎಷ್ಟು?

ಯುವಮಿತ್ರರೇ, ಬೆಂಗಳೂರಿನ ಚರ್ಚ್ ಸ್ಟ್ರೀಟಿಗೆ ಹೋಗಬೇಡಿ ಎಂದು ಬುದ್ಧಿ ಹೇಳುವವರ ಸಾಲಿನಲ್ಲಿ ನಾನಿಲ್ಲ. ಧಾರಾಳವಾಗಿ ಹೋಗಿ! ಬ್ರಿಗೇಡ್ ರಸ್ತೆಯಿಂದ ಸೇಂಟ್ ಮಾರ್ಕ್ಸ್ ರಸ್ತೆಯವರೆಗೆ ಮುಕ್ಕಾಲು ಕಿಲೋಮೀಟರು. 2018ರಲ್ಲಿ ಹೊಸದಾಗಿ ಕಲ್ಲು ಹಾಸಿದರು. 2020ರ ನವೆಂಬರಿನಿಂದ ಕೆಲವು ತಿಂಗಳು ಶನಿವಾರ, ಭಾನುವಾರ ವಾಹನ ನಿಲ್ಲಿಸಿ ನಡೆಯುವವರಿಗೇ ಬಿಟ್ಟಿದ್ದರು. ಹಳೇ ಪುಸ್ತಕದ ಅಂಗಡಿ, ಕಾಫಿ, ಗಿಟಾರು, ಫೋಟೋ, ಹರಟೆ. ವಯಸ್ಸಿನ ಮಕ್ಕಳಿಗೆ ಇನ್ನೇನು ಬೇಕು?

ಬೀದಿ ತುಂಬ ಜನ ಸೇರುವುದು ನಂಜನಗೂಡಿನವರಿಗೆ ಹೊಸತೇನಲ್ಲ. ದೊಡ್ಡ ಜಾತ್ರೆಯ ದಿನ ರಥಬೀದಿ ನಡೆಯುವವರದ್ದೇ. ತಿ. ನರಸೀಪುರದ ಸಂಗಮದಲ್ಲಿ 1989ರಿಂದ ಕುಂಭಮೇಳ ಕಂಡಿದ್ದೇವೆ. ಜಾತ್ರೆಗೆ ಬಳೆ, ಆಟಿಕೆ ಮಾರಲು ಯಾವ ಸೀಮೆಯಿಂದ ಬಂದವನೂ ಮೂರೇ ದಿನದಲ್ಲಿ 'ಬನ್ನಿ ಅಕ್ಕ, ತಗೊಳ್ಳಿ' ಎನ್ನಲು ಕಲಿಯುತ್ತಾನೆ. ಏಕೆಂದರೆ ನಮ್ಮ ಹೆಂಗಸರು ಕನ್ನಡದಲ್ಲೇ ಚೌಕಾಸಿ ಮಾಡುತ್ತಾರೆ!

ಚರ್ಚ್ ಸ್ಟ್ರೀಟಿನಲ್ಲಿ ಆಗುವುದೇನು? ಕೌಂಟರಿನ ಈಚೆ ನಂಜನಗೂಡಿನ ಹುಡುಗ, ಆಚೆ ಮಂಡ್ಯದ ಹುಡುಗಿ. ಇಬ್ಬರೂ ತಡವರಿಸುತ್ತಾ ಇಂಗ್ಲಿಷಿನಲ್ಲಿ ವ್ಯಾಪಾರ ಮುಗಿಸುತ್ತಾರೆ. ಇಬ್ಬರೂ ಕನ್ನಡಿಗರೆಂದು ಇಬ್ಬರಿಗೂ ಗೊತ್ತಾಗುವುದೇ ಇಲ್ಲ! ಇದಕ್ಕೆ ಯಾರ ಮೇಲೆ ಕೇಸು ಹಾಕೋಣ?

27 ಡಿಸೆಂಬರ್ 2023ರಂದು ಕರವೇ ಕಾರ್ಯಕರ್ತರು ಬೆಂಗಳೂರಿನ ಬೀದಿಗಿಳಿದರು. ನಾರಾಯಣಗೌಡರು ಜೈಲಿಗೆ ಹೋದರು. 2024ರಲ್ಲಿ ಕಾನೂನು ತಿದ್ದುಪಡಿಯಾಗಿ ನಾಮಫಲಕದ ಮೇಲ್ಭಾಗದಲ್ಲಿ ಶೇಕಡಾ 60 ಕನ್ನಡ ಕಡ್ಡಾಯವಾಯಿತು. ಹೋರಾಡಿದವರಿಗೆ ನಮಸ್ಕಾರ. ಆದರೆ ಅಚ್ಚಿನ ಕೆಲಸದವನಾದ ನನ್ನ ಕಣ್ಣು ಅಕ್ಷರದ ಮೇಲೇ ಹೋಗುತ್ತದೆ. ಇಂಗ್ಲಿಷ್ ಹೆಸರಿಗೆ ಕಲಾವಿದ ಕೂತು ಬರೆದ ಚೆಂದದ ಅಕ್ಷರ. ಕನ್ನಡಕ್ಕೆ ಕಂಪ್ಯೂಟರಿನಲ್ಲಿ ಸಿಕ್ಕಿದ್ದು. ಒತ್ತಕ್ಷರಕ್ಕೆ ಕೆಳಗೆ ಜಾಗ ಬೇಕೆಂಬ ತಿಳಿವಳಿಕೆಯೂ ಇಲ್ಲ, ಕೆಳಗಿನ ಸಾಲಿಗೆ ಕಾಲು ತಾಗಿಸಿಕೊಂಡು ನಿಂತಿರುತ್ತದೆ. ಹೆಸರೂ ಅಷ್ಟೇ: ಇಂಗ್ಲಿಷ್ ಪದವನ್ನೇ ಕನ್ನಡ ಲಿಪಿಯಲ್ಲಿ ಇಳಿಸಿ, ಟೇಪು ಹಿಡಿದು ಅಳೆದು, ಕಾನೂನು ಪಾಲಿಸಿದೆವು ಎನ್ನುತ್ತಾರೆ. ದಂಡಕ್ಕೆ ಹೆದರಿ ಬರೆಸಿದ ಬೋರ್ಡು ಹೀಗೇ ಇರುತ್ತದೆ. ಗಿರಾಕಿಗೆ ಹೆದರಿ ಬರೆಸಿದರೆ ಬೇರೆಯಾದೀತು.

ಆ ಗಿರಾಕಿ ನೀವು! ಮುಂದಿನ ಭಾನುವಾರ ಹೋದಾಗ ಮೊದಲ ಮಾತು ಕನ್ನಡದಲ್ಲಿರಲಿ. ಎದುರಿನ ಹುಡುಗ ಹೊರಗಿನವನಾದರೆ ಗದರಬೇಡಿ. ಅವನೂ ಹೊಟ್ಟೆಪಾಡಿಗೆ ಬಂದವನು. 'ಎರಡು ಕಾಫಿ ಕೊಡಿ' ಎಂದು ನಿಧಾನವಾಗಿ ಇನ್ನೊಮ್ಮೆ ಹೇಳಿ. ಪುಸ್ತಕದಂಗಡಿಗೆ ಹೊಕ್ಕರೆ ಕನ್ನಡ ಪುಸ್ತಕ ಎಲ್ಲಿಟ್ಟಿದ್ದೀರಿ ಎಂದು ಕೇಳಿ, ಒಂದನ್ನಾದರೂ ಕೊಂಡು ಬನ್ನಿ.