ಸೇಬಿಗೇಕೆ ಸಕ್ಕರೆಯ ಹಂಗು?

ಮಗುವಿಗೆ ಆರು ತಿಂಗಳು ತುಂಬುತ್ತಿದ್ದಂತೆ ಮನೆಯಲ್ಲಿ ಸಲಹೆಗಳ ಸುರಿಮಳೆ ಶುರು. ರಾಗಿ ಸರಿ ಯಾವಾಗ ಕೊಡಬೇಕು, ಅನ್ನ-ಬೇಳೆ ಎಷ್ಟು, ಮೊದಲು ಯಾವ ಹಣ್ಣು ಅಂತ ಒಬ್ಬೊಬ್ಬರದು ಒಂದೊಂದು ಮಾತು. ನೀವು ಸೇಬು ಬೇಯಿಸಿ, ನುಣ್ಣಗೆ ಮಾಡಿ ಬಟ್ಟಲಿಗೆ ಹಾಕುವಷ್ಟರಲ್ಲಿ ಅತ್ತೆಯೋ, ಪಕ್ಕದ ಮನೆಯ ಆಂಟಿಯೋ ಸಕ್ಕರೆ ಡಬ್ಬ ಹಿಡಿದು ನಿಂತಿರುತ್ತಾರೆ. ‘ಅಯ್ಯೋ, ಬರೀ ಸಪ್ಪೆ ಸೇಬನ್ನ ಆ ಕೂಸು ಹೇಗೆ ತಿನ್ನುತ್ತೆ? ಒಂದು ಚಮಚ ಸಕ್ಕರೆ ಹಾಕಮ್ಮ!’

ಪ್ರೀತಿಯಿಂದ ಹೇಳಿದ ಮಾತೇ, ಇಲ್ಲ ಅನ್ನೋದಿಲ್ಲ. ಆದರೂ ಆ ಒಂದು ಚಮಚ ಬೇಡ ಎಂದು ನೀವು ಹೇಳಲೇಬೇಕು.

ಸಪ್ಪೆ ಯಾರಿಗೆ?

ಬೇಯಿಸಿದ ಸೇಬು ಸಪ್ಪೆ ಅನ್ನಿಸುವುದು ನಮಗೆ, ಮಗುವಿಗಲ್ಲ. ದಿನಕ್ಕೆರಡು ಸಲ ಸಕ್ಕರೆ ಹಾಕಿದ ಕಾಫಿ ಕುಡಿದು ಪಳಗಿದ ನಾಲಿಗೆ ನಮ್ಮದು. ಮಗುವೋ ಇಷ್ಟು ದಿನ ಹಾಲು ಬಿಟ್ಟು ಬೇರೆ ರುಚಿಯನ್ನೇ ಕಂಡಿಲ್ಲ. 100 ಗ್ರಾಂ ಸೇಬಿನಲ್ಲಿ ಹೆಚ್ಚುಕಡಿಮೆ 10 ಗ್ರಾಂನಷ್ಟು ಸಕ್ಕರೆ ತಾನಾಗಿಯೇ ಇರುತ್ತೆ. ಆ ಪುಟ್ಟ ನಾಲಿಗೆಗೆ ಅದೇ ಹಬ್ಬದೂಟ!

ಸಿಹಿಯ ಮೇಲಿನ ಆಸೆ ಮಕ್ಕಳಿಗೆ ಹುಟ್ಟಿನಿಂದಲೇ ಬಂದಿರುತ್ತೆ, ಅದನ್ನು ಯಾರೂ ಕಲಿಸಬೇಕಿಲ್ಲ. ಅಭ್ಯಾಸ ಮಾಡಿಸಬೇಕಾದ್ದು ಹುಳಿ, ಒಗರು, ಕಹಿ. ಹಣ್ಣಿಗೂ ಸಕ್ಕರೆ, ಹಾಲಿಗೂ ಸಕ್ಕರೆ, ರಾಗಿ ಸರಿಗೂ ಸಕ್ಕರೆ ಎಂದಾದರೆ ನಾಳೆ ಮಗು ಸೊಪ್ಪಿನ ಸಾರು, ಹುರುಳಿಕಾಯಿ ಪಲ್ಯ ಕಂಡು ಮುಖ ತಿರುಗಿಸಿದರೆ ಆಶ್ಚರ್ಯವೇನು? ಆಗ ‘ನಮ್ಮ ಮಗು ತರಕಾರಿ ಮುಟ್ಟಲ್ಲ’ ಎಂದು ದೂರುವವರೂ ನಾವೇ. ಆಗಷ್ಟೇ ಮೂಡುತ್ತಿರುವ ಹಾಲುಹಲ್ಲುಗಳಿಗೂ ಸಕ್ಕರೆ ಶತ್ರು ಎಂಬುದನ್ನು ಮರೆಯಬೇಡಿ.

ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೊರತಂದ ಮಾರ್ಗಸೂಚಿ ಕೂಡ ಆರು ತಿಂಗಳಿಂದ ಎರಡು ವರ್ಷದೊಳಗಿನ ಮಕ್ಕಳಿಗೆ ಸಕ್ಕರೆ, ಉಪ್ಪು ಹೆಚ್ಚಿರುವ ತಿನಿಸು ಬೇಡ ಎಂದಿದೆ. ಅಂಗಡಿಯ ಡಬ್ಬಿ ಆಹಾರವನ್ನು ನಂಬಿ ಕೂರುವಂತೆಯೂ ಇಲ್ಲ. ಹೆಸರಾಂತ ಕಂಪನಿಯೊಂದು ಭಾರತದಲ್ಲಿ ಮಾರುತ್ತಿದ್ದ ಶಿಶು ಆಹಾರದಲ್ಲಿ ಒಂದು ಹೊತ್ತಿನ ಪಾಲಿಗೆ ಸರಾಸರಿ 3 ಗ್ರಾಂನಷ್ಟು ಸಕ್ಕರೆ ಬೆರೆಸಲಾಗಿದೆ ಎಂದು 2024ರ ಏಪ್ರಿಲ್‌ನಲ್ಲಿ ಸ್ವಿಟ್ಜರ್ಲೆಂಡಿನ ‘ಪಬ್ಲಿಕ್ ಐ’ ಸಂಸ್ಥೆ ಬಯಲು ಮಾಡಿದಾಗ ಎಷ್ಟೊಂದು ಗದ್ದಲವಾಯಿತು! ದುಡ್ಡು ಕೊಟ್ಟು ತಂದ ಡಬ್ಬಿಯ ಸಕ್ಕರೆಗೆ ಸಿಟ್ಟಾಗುವ ನಾವು, ನಮ್ಮ ಕೈಯಾರೆ ಹಾಕುವ ಸಕ್ಕರೆಗೆ ಏನನ್ನಬೇಕು?

‘ಸಕ್ಕರೆ ಬೇಡವಾದ್ರೆ ಬೆಲ್ಲ ಹಾಕು, ಜೇನುತುಪ್ಪ ಹಾಕು’ ಅನ್ನೋರೂ ಇದ್ದಾರೆ. ಬೆಲ್ಲ, ಕಲ್ಲುಸಕ್ಕರೆ ಎರಡೂ ಸಕ್ಕರೆಯ ನೆಂಟರೇ. ಜೇನುತುಪ್ಪವಂತೂ ವರ್ಷ ತುಂಬುವವರೆಗೆ ನೆಕ್ಕಿಸಲೂಬಾರದು. ಅದರಲ್ಲಿ ಇರಬಹುದಾದ ಒಂದು ಬ್ಯಾಕ್ಟೀರಿಯಾದಿಂದ ಕೂಸುಗಳಿಗೆ ಬೊಟುಲಿಸಂ ಎಂಬ ಕಾಯಿಲೆ ಬರಬಹುದು. ಅಪರೂಪದ್ದೇ ಆದರೂ ಜೀವಕ್ಕೆ ಅಪಾಯ ತರುವಂಥದ್ದು.

ಮಾಡುವುದು ಹೀಗೆ

ಎರಡು ಮಧ್ಯಮ ಗಾತ್ರದ, ಚೆನ್ನಾಗಿ ಮಾಗಿದ ಸೇಬು ತೆಗೆದುಕೊಳ್ಳಿ. ಚೆನ್ನಾಗಿ ತೊಳೆದು, ಸಿಪ್ಪೆ ಹೆರೆದು, ಬೀಜ ಮತ್ತು ನಡುವಿನ ಗಟ್ಟಿ ಭಾಗ ತೆಗೆದು ಸಣ್ಣಗೆ ಹೆಚ್ಚಿ. ಇಡ್ಲಿ ಪಾತ್ರೆಯಲ್ಲಿ ಬಟ್ಟಲಿಟ್ಟು 10-12 ನಿಮಿಷ ಹಬೆಯಲ್ಲಿ ಬೇಯಿಸಿ. ಚಮಚದಿಂದ ಒತ್ತಿದರೆ ಬೆಣ್ಣೆಯಂತೆ ಕರಗಬೇಕು. ಆರಿದ ಮೇಲೆ ಬಟ್ಟಲಿಗೆ ಇಳಿದ ರಸದ ಸಮೇತ ಮಿಕ್ಸಿಯಲ್ಲಿ ತಿರುವಿ, ಅಥವಾ ಸ್ಟೀಲ್ ಜರಡಿಯಲ್ಲಿ ಒತ್ತಿ ಸೋಸಿ. ಅಷ್ಟೇ! ಘಮ ಬೇಕೆಂದರೆ ಚಿಟಿಕೆ ಏಲಕ್ಕಿ ಪುಡಿ ಸಾಕು.

ಮೊದಲ ದಿನ ಒಂದೆರಡು ಟೀ ಚಮಚ ಕೊಟ್ಟು ನೋಡಿ. ಎಂಟು-ಒಂಬತ್ತು ತಿಂಗಳಿಗೆ ಮಿಕ್ಸಿ ಬಿಡಿ, ಫೋರ್ಕಿನಲ್ಲಿ ಕಿವುಚಿ ತರಿತರಿಯಾಗಿ ಕೊಡಿ. ವರ್ಷದ ಮಗುವಿಗೆ ಮೆತ್ತಗೆ ಬೆಂದ ಸಣ್ಣ ಚೂರುಗಳನ್ನೇ ಕೈಗೆ ಕೊಡಬಹುದು. ಹಸಿ ಸೇಬಿನ ಗಟ್ಟಿ ಹೋಳು ಮಾತ್ರ ಬೇಡ, ಗಂಟಲಲ್ಲಿ ಸಿಕ್ಕಿಹಾಕಿಕೊಳ್ಳುವ ಭಯ.

ಉಳಿದದ್ದನ್ನು ಮುಚ್ಚಳದ ಡಬ್ಬಿಯಲ್ಲಿ ಹಾಕಿ ಫ್ರಿಜ್‌ನಲ್ಲಿಟ್ಟರೆ ಎರಡು ದಿನ ಬಳಸಬಹುದು. ಐಸ್ ಟ್ರೇಯಲ್ಲಿ ಹಾಕಿ ಫ್ರೀಜರ್‌ನಲ್ಲಿಟ್ಟರೆ ಒಂದೊಂದು ಹೊತ್ತಿಗೆ ಒಂದೊಂದು ತುಂಡು ತೆಗೆಯಲು ಸುಲಭ. ಆದರೆ ಕರೆಂಟು ಹೋಗಿ ಕರಗಿದ್ದನ್ನು ಮತ್ತೆ ಗಟ್ಟಿ ಮಾಡಿ ಕೊಡಬೇಡಿ. ಮಗು ತಿಂದು ಬಿಟ್ಟ ಬಟ್ಟಲಿನದನ್ನು ಡಬ್ಬಿಗೆ ವಾಪಸ್ ಸುರಿಯಲೂಬೇಡಿ.

ಸೇಬೇ ಸರ್ವಸ್ವ ಅಲ್ಲ

ಇನ್ನೊಂದು ಮಾತು. ಹಿಮಾಚಲ, ಕಾಶ್ಮೀರದಿಂದ ಬರುವ ದುಬಾರಿ ಹಣ್ಣು ಎಂಬ ಕಾರಣಕ್ಕೇ ಸೇಬಿಗೆ ನಾವು ಕೊಂಚ ಹೆಚ್ಚೇ ಮರ್ಯಾದೆ ಕೊಡುತ್ತೇವೆ. ಅದರಲ್ಲಿ ಬಹುಪಾಲು ನೀರೇ, ಕಬ್ಬಿಣದ ಅಂಶ ತೀರಾ ಕಡಿಮೆ. ಹಾಗಾಗಿ ಅದು ಊಟದ ಜೊತೆಗಿರಲಿ, ಊಟವೇ ಆಗದಿರಲಿ. ರಾಗಿ ಸರಿ, ಬೇಳೆ, ಸೊಪ್ಪು, ತಿನ್ನುವವರ ಮನೆಯಲ್ಲಿ ಮೊಟ್ಟೆ, ಇವೆಲ್ಲ ಬೇಕೇಬೇಕು. ಸಿಹಿಯೇ ಇಲ್ಲದ ರಾಗಿ ಸರಿಗೆ ಎರಡು ಚಮಚ ಈ ಸೇಬು ಬೆರೆಸಿ ನೋಡಿ, ಸಕ್ಕರೆಯ ನೆನಪೇ ಬಾರದು. ಸೇಬಿನ ಬೆಲೆ ಏರಿತೆಂದು ಕೊರಗುವುದೂ ಬೇಡ. ಏಲಕ್ಕಿ ಬಾಳೆ, ಪರಂಗಿ, ಸಪೋಟಾ ಏನು ಕಡಿಮೆಯೇ? ಅವಕ್ಕೆ ಬೇಯಿಸುವ ಗೋಜೂ ಇಲ್ಲ.

ಮನೆಯಲ್ಲಿ ಜಗಳ ಬೇಡ

ಮಗು ಸಣ್ಣಗಾದರೆ ಮಾತು ಕೇಳಬೇಕಾದವಳು ತಾಯಿ. ‘ಸಕ್ಕರೆ ಹಾಕದೆ ಕೂಸನ್ನ ಸೊರಗಿಸಿದ್ಳು’ ಎಂಬ ಮಾತಿಗೆ ಹೆದರಿಯೇ ಎಷ್ಟೋ ಜನ ಸಕ್ಕರೆ ಡಬ್ಬಕ್ಕೆ ಕೈ ಹಾಕುತ್ತಾರೆ. ಹೆದರಬೇಡಿ. ಪ್ರತಿ ತಿಂಗಳು ತೂಕ ನೋಡಿಸಿ, ಡಾಕ್ಟರ್ ಕಾರ್ಡಿನಲ್ಲಿ ಬರೆದದ್ದನ್ನು ಎಲ್ಲರಿಗೂ ತೋರಿಸಿ. ವಾದಕ್ಕಿಂತ ಆ ಕಾರ್ಡು ಹೆಚ್ಚು ಮಾತಾಡುತ್ತೆ. ತೂಕ ಏರದಿದ್ದರೆ ಡಾಕ್ಟರನ್ನೇ ಕೇಳಿ. ಅದಕ್ಕೆ ಸಕ್ಕರೆ ಮದ್ದಲ್ಲ. ಒಂದು ಚಮಚ ತುಪ್ಪ ಹಾಕಿದ ಅನ್ನ-ಬೇಳೆ ಎಷ್ಟೋ ಮೇಲು.

ಮಗು ಮೊದಲ ಸಲ ಉಗುಳಿತೆಂದು ಸೋಲೊಪ್ಪಬೇಡಿ. ಹೊಸ ರುಚಿ ಒಗ್ಗಲು ಎಂಟು-ಹತ್ತು ಸಲ ಬೇಕಾಗಬಹುದು. ಬಲವಂತ ಬೇಡ, ಎರಡು ದಿನ ಬಿಟ್ಟು ಮತ್ತೆ ಕೊಡಿ.

ಅತ್ತೆಯವರ ಕೈಯಿಂದ ಸಕ್ಕರೆ ಡಬ್ಬ ಕಿತ್ತುಕೊಳ್ಳುವ ಬದಲು ಸೇಬಿನ ಬಟ್ಟಲನ್ನೇ ಅವರ ಕೈಗೆ ಕೊಟ್ಟುಬಿಡಿ, ‘ನೀವೇ ತಿನ್ನಿಸಿ ಅತ್ತೆ’ ಅನ್ನಿ. ಮೊಮ್ಮಗು ಬಟ್ಟಲು ಖಾಲಿ ಮಾಡಿದ್ದನ್ನು ಕಣ್ಣಾರೆ ಕಂಡ ಅಜ್ಜಿಗಿಂತ ಒಳ್ಳೆಯ ವಕೀಲರು ನಿಮಗೆ ಸಿಗುವುದಿಲ್ಲ.